ಹತ್ತು ಡಿಗ್ರಿ

ಮನೆಯಲ್ಲಿ ಅವಳನ್ನು ಎಲ್ಲರೂ ಚೀಫ್ ಎಂದೇ ಕರೆಯುತ್ತಿದ್ದರು. ಹೋಟೆಲಿನಲ್ಲಿ ಅದು ಚೀಫ್ ಎಂಜಿನಿಯರ್ ಹುದ್ದೆ; ಮನೆಯಲ್ಲಿ ಅರ್ಧ ಅಕ್ಕರೆ, ಅರ್ಧ ಕೊಂಕು. ಪರದೇಶಕ್ಕೆ ಬಂದ ಹೊಸದರಲ್ಲಿ ಫೋನ್ ಎತ್ತಿದಾಗಲೆಲ್ಲ ಆ ಕಡೆಯಿಂದ ‘ಚೀಫ್, ಲಿಫ್ಟ್ ನಿಂತಿದೆ’, ‘ಚೀಫ್, ಏಳನೇ ಮಹಡಿಯಲ್ಲಿ ನೀರು ಸೋರುತ್ತಿದೆ’ ಎಂಬ ಮಾತನ್ನೇ ಕೇಳಿ ಕೇಳಿ, ಆಗ ಏಳು ವರ್ಷದವಳಾಗಿದ್ದ ಮಗಳು ಒಂದು ಬೆಳಿಗ್ಗೆ "ಚೀಫ್, ನನ್ನ ಇನ್ನೊಂದು ಕಾಲುಚೀಲ ಎಲ್ಲಿ?" ಎಂದು ಕೂಗಿದ್ದಳು. ಹೆಸರು ಅಂದಿನಿಂದ ಅಂಟಿಕೊಂಡಿತು. ಈಗ ಮಗಳಿಗೆ ಹದಿನೇಳು, ಶಾಲೆಯ ಕೊನೆಯ ವರ್ಷ.

ನಾನೂರು ಕೋಣೆಗಳ ಐಷಾರಾಮಿ ಹೋಟೆಲು ಅದು. ಮೇಲೆ ಅಮೃತಶಿಲೆ, ಹೆಜ್ಜೆ ಹೂತುಹೋಗುವ ಜಮಖಾನೆ, ಪಿಸುಮಾತಿನಲ್ಲೇ ಕೆಲಸ ಮಾಡುವ ಜನ. ಕೆಳಗೆ, ಎರಡು ಅಂತಸ್ತಿನ ನೆಲಮಾಳಿಗೆಯಲ್ಲಿ, ಬಾಯ್ಲರು, ಪಂಪು, ಕೊನೆಯೇ ಕಾಣದ ಪೈಪುಗಳ ಸಾಲು. ಈ ಕೆಳಗಿನ ಲೋಕಕ್ಕೆ ಅವಳು ಯಜಮಾನಿ. ನಲವತ್ತೆರಡು ಜನ ಅವಳ ಕೈಕೆಳಗೆ. ಇಂಥದೊಂದು ಲೋಕ ಇದೆ ಎಂಬುದು ಮೇಲಿನವರಿಗೆ ಗೊತ್ತೇ ಆಗದಂತೆ ನೋಡಿಕೊಳ್ಳುವುದು ಅವಳ ಕೆಲಸ, ಮತ್ತು ಅದನ್ನು ಅವಳು ಹತ್ತು ವರ್ಷದಿಂದ ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದಳು.

ಗಂಡ ಹಿಂದೆ ಗಣಿತದ ಮೇಷ್ಟ್ರಾಗಿದ್ದವನು. ಹೆಂಡತಿಯ ವೀಸಾದ ಮೇಲೆ ಬಂದವನಿಗೆ ಆ ದೇಶದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆದ್ದರಿಂದ ಅಡುಗೆಮನೆ ಅವನದಾಯಿತು, ಬಟ್ಟೆ ಒಗೆಯುವುದು ಅವನದಾಯಿತು, ಮಗಳ ಲೆಕ್ಕದ ಪಾಠವೂ ಅವನದೇ. ಅವನ ತಾಯಿ, ಅಂದರೆ ಅವಳ ಅತ್ತೆ, ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತಮೂರು ವರ್ಷ ನರ್ಸಾಗಿದ್ದವರು. ನಿವೃತ್ತಿಯಾದ ಮೇಲೆ ಬಂದು ಇವರ ಜೊತೆಗೇ ಇದ್ದರು. ಯಾರು ಸೀನಿದರೂ ಹಣೆ ಮುಟ್ಟಿ ನೋಡುವ ಅಭ್ಯಾಸ ಅವರಿಗೆ ಹೋಗಿರಲಿಲ್ಲ.

ಆ ಮನೆಗೆ ಸಲೀಸಾಗಿ ಬಂದುಹೋಗುತ್ತಿದ್ದ ಹೊರಗಿನವನೆಂದರೆ ಹೋಟೆಲಿನ ಹಿರಿಯ ಪ್ಲಂಬರ್ ಒಬ್ಬನೇ. ಅರವತ್ತರ ಹತ್ತಿರದ ಮನುಷ್ಯ. ಅವನೂ ಇನ್ಯಾವುದೋ ದೇಶದಿಂದ ದುಡಿಯಲು ಬಂದವನು. ಹೆಂಡತಿ ಮಕ್ಕಳು ದೂರದಲ್ಲಿದ್ದರು. ಚೀಫ್‌ಗೂ ಅವನಿಗೂ ಆ ಊರಿನ ಭಾಷೆ ಅರ್ಧಂಬರ್ಧ ಬರುತ್ತಿತ್ತು. ಅದರಲ್ಲೇ ಕೆಲಸ ಸಾಗುತ್ತಿತ್ತು. ಅತ್ತೆಗೆ ಅದೂ ಬರುತ್ತಿರಲಿಲ್ಲ. ಆದರೂ ರಜೆಯ ದಿನ ಅವನು ಬಂದು ಸಿಂಕಿನ ಪೈಪು ಬಿಚ್ಚಿ ಸರಿಮಾಡಿ ಕೂತರೆ, ಅತ್ತೆ ಅವನ ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತ "ಉಪ್ಪು ಬಿಡು ಅಂತ ಎಷ್ಟು ಸಲ ಹೇಳ್ಬೇಕಪ್ಪ ನಿಂಗೆ?" ಎಂದು ಕನ್ನಡದಲ್ಲೇ ಗದರುತ್ತಿದ್ದರು. ಅವನು ತನ್ನ ಭಾಷೆಯಲ್ಲಿ ಏನೋ ಹೇಳಿ ತಲೆ ತಗ್ಗಿಸುತ್ತಿದ್ದ. ಇಬ್ಬರಿಗೂ ಪೂರ್ತಿ ಅರ್ಥವಾದಂತೆ ಇರುತ್ತಿತ್ತು.

ಆ ವರ್ಷದ ಸಂಕಟ ಶುರುವಾದದ್ದು ಒಂದು ಸೋಮವಾರ ಬೆಳಿಗ್ಗೆ, ಎಲ್ಲರೂ ತಿಂಡಿಗೆ ಕೂತಿದ್ದಾಗ. ಫೋನ್ ಮಾಡಿದವನು ಅವಳ ಸಹಾಯಕ ಎಂಜಿನಿಯರ್.

"ಚೀಫ್, ಪ್ಲಂಬರ್‌ನ ಆಸ್ಪತ್ರೆಗೆ ಸೇರಿಸಿದೀವಿ. ಮೂರು ದಿನದಿಂದ ಜ್ವರ ಇತ್ತಂತೆ, ಯಾರಿಗೂ ಹೇಳಿಲ್ಲ. ಉಸಿರಾಡೋಕೇ ಆಗ್ತಿಲ್ಲ."

ಅತ್ತೆ ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ತಟ್ಟೆಯಲ್ಲಿಟ್ಟು ಎದ್ದರು. "ನಾನೂ ಬರ್ತೀನಿ."

"ನಾನು ನೋಡ್ಕೊಂಡು ಕೆಲಸಕ್ಕೆ ಹೋಗ್ತೀನಿ, ಅತ್ತೆ. ಅಲ್ಲಿ ನಿಮಗೆ ಭಾಷೆ ಬೇರೆ ಬರಲ್ಲ."

"ಜ್ವರಕ್ಕೆ ಯಾವ ಭಾಷೆ? ನಡಿ."

ಮೂರನೇ ಮಹಡಿಯ ವಾರ್ಡಿನಲ್ಲಿ ಆರು ಹಾಸಿಗೆ. ಕಿಟಕಿಯ ಪಕ್ಕದ್ದರಲ್ಲಿ ಅವನಿದ್ದ. ಮುಖದ ಮೇಲೆ ಆಮ್ಲಜನಕದ ಮುಸುಕು. ಪೈಪು ಹಿಡಿದು ಹಿಡಿದು ಗಂಟುಗಟ್ಟಿದ ಬೆರಳು ಬಿಳಿ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅತ್ತೆ ಯಾರನ್ನೂ ಕೇಳದೆ ಹಾಸಿಗೆಯ ಕಾಲ್ತುದಿಗೆ ತೂಗುಹಾಕಿದ್ದ ಚಾರ್ಟ್ ಎತ್ತಿ ಅಂಕಿಗಳನ್ನು ನೋಡಿದರು. ಅವರ ಮುಖ ಬಿಗಿಯಾಯಿತು.

ಎಳೆ ವಯಸ್ಸಿನ ಡಾಕ್ಟರಮ್ಮ ಬಂದು ಚೀಫನ್ನು ಪಕ್ಕಕ್ಕೆ ಕರೆದಳು. "ಇವರ ಮೇಲಧಿಕಾರಿ ನೀವೇನಾ? ಕಳೆದ ಹತ್ತು ದಿನ ಏನು ಕೆಲಸ ಮಾಡ್ತಿದ್ರು?"

"ಹಳೇ ಕಟ್ಟಡದಲ್ಲಿ ಶವರ್‌ಗಳನ್ನ ಬಿಚ್ಚಿ ತೊಳೀತಿದ್ರು. ರಿಪೇರಿಗೆ ಅಂತ ಎರಡು ತಿಂಗಳು ಮುಚ್ಚಿದ್ವಿ. ಮುಂದಿನ ವಾರ ತೆರೀತೀವಿ."

"ಅಲ್ಲಿ ಬಿಸಿನೀರು ಎಷ್ಟು ಡಿಗ್ರಿ?"

"ಅರವತ್ತು ಇರಬೇಕು," ಎಂದಳು ಚೀಫ್.

"ಇದ್ರೆ ಒಳ್ಳೇದು. ನಿಂತ ಬೆಚ್ಚನೆ ನೀರಲ್ಲಿ ಬೆಳೆಯೋ ರೋಗಾಣು ಒಂದಿದೆ. ಶವರಿನ ತುಂತುರು ಉಸಿರಿನ ಜೊತೆ ಒಳಗೆ ಹೋದ್ರೆ ಶ್ವಾಸಕೋಶ ಹಿಡಿಯುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟಲ್ಲ, ಹೆದರಬೇಡಿ. ನಾಳೆ ಪರೀಕ್ಷೆಯಲ್ಲಿ ಗೊತ್ತಾಗುತ್ತೆ."

ಮೆಟ್ಟಿಲಿಳಿಯುವಾಗ ಅತ್ತೆ ಕೇಳಿದರು. "ಏನಂದ್ಲು ಆ ಹುಡುಗಿ? ನಿನ್ನ ಮುಖ ಯಾಕೆ ಹಾಗಾಯ್ತು?"

"ಏನಿಲ್ಲ ಅತ್ತೆ, ಪರೀಕ್ಷೆ ಮಾಡ್ತಾರಂತೆ."

ಹೋಟೆಲಿಗೆ ಬಂದವಳೇ ಕೋಟು ಕೂಡ ಕಳಚದೆ ನೆಲಮಾಳಿಗೆಗೆ ಇಳಿದಳು. ಬಾಯ್ಲರ್ ಕೋಣೆಯ ಗೋಡೆಯ ಮೇಲೆ ಎರಡು ಮಾಪಕಗಳು. ಹೊರಗೆ ಹೋಗುವ ನೀರು ನಲವತ್ತೊಂಬತ್ತು. ಇಡೀ ಕಟ್ಟಡ ಸುತ್ತಿ ವಾಪಸ್ಸು ಬರುವ ನೀರು ನಲವತ್ತೆರಡು. ಈ ಅಂಕಿ ಅವಳಿಗೆ ಹೊಸದೇನಲ್ಲ. ಒಂದು ವರ್ಷದ ಹಿಂದೆ ಮುಖ್ಯ ಕಚೇರಿಯವರು ಇಂಧನ ಉಳಿಸಿ ಎಂದು ಎಲ್ಲ ಹೋಟೆಲುಗಳ ಬೆನ್ನು ಹತ್ತಿದ್ದಾಗ, ಬಿಸಿನೀರನ್ನು ಅರವತ್ತರಿಂದ ಐವತ್ತಕ್ಕೆ ಇಳಿಸುವ ಯೋಜನೆ ಬರೆದುಕೊಟ್ಟವಳು ಅವಳೇ. ಒಬ್ಬ ಅತಿಥಿಯೂ ದೂರಲಿಲ್ಲ. ಐವತ್ತರ ನೀರೂ ಮೈಗೆ ಬಿಸಿಯೇ. ವರ್ಷದ ಕೊನೆಗೆ ಅವಳಿಗೆ ಪ್ರಶಸ್ತಿ ಬಂತು, ಸಂಬಳ ಏರಿತು, ಮೂರು ಕೋಣೆಯ ಮನೆ ಸಿಕ್ಕಿತು, ಮಗಳು ಒಳ್ಳೆಯ ಶಾಲೆಗೆ ಹೋದಳು. ಆ ಮನೆಯ ಊಟದ ಮೇಜಿಗೇ ಇವತ್ತು ಬೆಳಿಗ್ಗೆ ಫೋನ್ ಬಂದಿತ್ತು.

ಅವಳು ಶಾಖವನ್ನು ಅರವತ್ತೈದಕ್ಕೆ ಏರಿಸಿದಳು. ಹಳೇ ಕಟ್ಟಡದ ಆರು ಕೋಣೆಗಳಿಂದ ತಾನೇ ಆರು ಬಾಟಲಿ ನೀರು ಹಿಡಿದು, ಊರ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದಳು. ಫಲಿತಾಂಶಕ್ಕೆ ಹನ್ನೆರಡು ದಿನ ಬೇಕು ಎಂದರು. ಕಟ್ಟಡ ತೆರೆಯುವುದಕ್ಕೆ ಉಳಿದದ್ದು ಹತ್ತು ದಿನ.

ಮರುದಿನ ಡಾಕ್ಟರಮ್ಮನ ಅನುಮಾನ ನಿಜವಾಯಿತು. ಬುಧವಾರ ನಗರದ ಆರೋಗ್ಯ ಕಚೇರಿಯಿಂದ ಹೋಟೆಲಿಗೆ ಪತ್ರ ಬಂತು: ನಿಮ್ಮ ಬಿಸಿನೀರಿನ ವ್ಯವಸ್ಥೆ ಹೇಗಿದೆ, ತಿಳಿಸಿ. ಜನರಲ್ ಮ್ಯಾನೇಜರ್ ಅವಳನ್ನು ಮೇಲಕ್ಕೆ ಕರೆಸಿದರು. ಎಂದೂ ದನಿ ಏರಿಸಿದವರಲ್ಲ ಅವರು. ಟೀ ತರಿಸಿ, ಅವಳ ಕಪ್ಪಿಗೆ ತಾವೇ ಬಗ್ಗಿಸಿ, ಟೈಪು ಮಾಡಿದ್ದ ಒಂದು ಹಾಳೆಯನ್ನು ಮುಂದೆ ಸರಿಸಿದರು.

ಅವಳು ಓದಿದಳು. "ವರ್ಷವಿಡೀ ಅರವತ್ತು ಡಿಗ್ರಿ ಇತ್ತು ಅಂತ ಇದೆ ಇದರಲ್ಲಿ."

"ಹೌದು."

"ಇರಲಿಲ್ಲ, ಸರ್."

"ಈಗ ಎಷ್ಟಿದೆ?"

"ಅರವತ್ತೈದು. ಆದರೆ ಅಷ್ಟಕ್ಕೇ ಮುಗಿಯಲ್ಲ. ಆ ಕಟ್ಟಡದ ಪೈಪಲ್ಲಿ ನೀರು ಎರಡು ತಿಂಗಳು ನಿಂತಿತ್ತು. ಕ್ಲೋರಿನ್ ಹಾಕಿ, ಪ್ರತಿಯೊಂದು ನಲ್ಲಿಯಲ್ಲೂ ಬಿಸಿನೀರು ಹರಿಸಿ ತೊಳೀಬೇಕು. ಆಮೇಲೆ ಪರೀಕ್ಷೆ. ಕಡಿಮೆ ಅಂದ್ರೂ ಮೂರು ವಾರ."

"ಮುಂದಿನ ಗುರುವಾರ ಮುನ್ನೂರು ಜನ ಬರ್ತಿದಾರೆ."

"ಅದಕ್ಕೇ ಹೇಳ್ತಿದೀನಿ."

ಅವರು ಟೀ ಕಲಕಿದರು. "ಆ ಮನುಷ್ಯ ರಜೆಯಲ್ಲಿ ಎಲ್ಲೆಲ್ಲಿ ಹೋಗಿದ್ನೋ, ಯಾವ ಈಜುಕೊಳದಲ್ಲಿ ಇಳಿದಿದ್ನೋ. ನಮ್ಮ ನೀರೇ ಅಂತ ಯಾರು ಹೇಳಿದ್ದು? ಇನ್ನೊಂದು ಮಾತು. ಶಾಖ ಇಳಿಸೋ ಕಾಗದದಲ್ಲಿ ಒಂದೇ ಸಹಿ ಇದೆ, ಅದು ನಿಮ್ಮದು. ನಾನು ನಿಮ್ಮನ್ನ ಉಳಿಸೋಕೆ ನೋಡ್ತಿದೀನಿ, ಚೀಫ್. ಶುಕ್ರವಾರ ಮಧ್ಯಾಹ್ನದೊಳಗೆ ಸಹಿ ಮಾಡಿ ಕಳಿಸಿ."

ಅವತ್ತು ಸಂಜೆ ಊಟದ ಹೊತ್ತಿಗೆ ಅವಳು ಎಲ್ಲವನ್ನೂ ಹೇಳಿದಳು. ಹೇಳಬಾರದೆಂದೇ ಬಂದಿದ್ದಳು. ಗಂಡ ಅನ್ನ ಬಡಿಸುತ್ತ "ಯಾಕೆ, ಹೋಟೆಲ್ ಮುಳುಗಿಹೋಯ್ತಾ?" ಎಂದು ತಮಾಷೆ ಮಾಡಿದ, ಅಷ್ಟು ಸಾಕಾಯಿತು. ಯೋಜನೆ ತನ್ನದು ಎಂಬುದನ್ನೂ, ಅಂಕಿಗಳನ್ನೂ, ಹಾಳೆಯಲ್ಲಿ ಏನಿದೆ ಎಂಬುದನ್ನೂ ಹೇಳಿದಳು.

ಅತ್ತೆ ಒಂದು ತುತ್ತು ಬಾಯಿಗಿಟ್ಟವರು ಅದನ್ನು ಅಗಿದು ನುಂಗಿದರು. ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಎದ್ದು, ಕೈ ತೊಳೆದುಕೊಂಡು ತಮ್ಮ ಕೋಣೆಗೆ ಹೋದರು. ಬಾಗಿಲು ಹಾಕಿದ ಸದ್ದೂ ಕೇಳಲಿಲ್ಲ.

"ಸಹಿ ಮಾಡು," ಎಂದ ಗಂಡ.

"ಏನ್ರೀ ಹೇಳ್ತಿದೀರ?"

"ಈಗಂತೂ ಬಿಸಿ ಏರಿಸಿದೀಯ. ನಾಳೆ ನಾಡಿದ್ದರಲ್ಲಿ ನಿನ್ನ ಜನರನ್ನ ಬಿಟ್ಟು ಎಷ್ಟಾಗುತ್ತೋ ಅಷ್ಟು ತೊಳೆಸು. ಸಹಿ ಮಾಡು. ಕಳೆದ ವರ್ಷ ಎಷ್ಟಿತ್ತು ಅಂತ ಹೇಳಿದ್ರೆ ಅವನ ಜ್ವರ ಇಳಿಯುತ್ತಾ?"

"ಮುನ್ನೂರು ಜನ ಆ ಶವರ್ ಕೆಳಗೆ ನಿಲ್ತಾರೆ."

"ಮುನ್ನೂರು ಜನ ನಿನಗೆ ಕಾಣಿಸ್ತಾರೆ. ಈ ಮೇಜಿನ ಸುತ್ತ ಇರೋ ಮೂರು ಜನ ಕಾಣಿಸಲ್ಲ." ಅವನು ಸೌಟನ್ನು ಪಾತ್ರೆಗೆ ಹಾಕಿದ. "ಹತ್ತು ವರ್ಷ ಆಯ್ತು ನಾನು ಸೀಮೆಸುಣ್ಣ ಮುಟ್ಟಿ. ನಿನ್ನ ಸಾಕ್ಸ್ ಮಡಿಸಿದೀನಿ, ನಿನ್ನ ಪಾತ್ರೆ ತೊಳೆದಿದೀನಿ. ಒಂದು ದಿನ ಬಾಯಿಬಿಟ್ಟು ಏನಾದ್ರೂ ಕೇಳಿದೀನಾ? ಇವತ್ತು ಕೇಳ್ತಿದೀನಿ."

"ನೀವು ಕೇಳಬೇಕಾಗಿದ್ದು ಬೇರೆ ಏನಾದ್ರೂ ಇದ್ದಿದ್ರೆ ಕೊಡ್ತಿದ್ದೆ."

"ಬೇರೆ ಏನಿದೆ ನಿನ್ನ ಹತ್ರ ಕೊಡೋಕೆ? ಕೆಲಸ ಹೋದ್ರೆ ಅರವತ್ತು ದಿನದಲ್ಲಿ ದೇಶ ಬಿಡಬೇಕು. ಇವಳ ಪರೀಕ್ಷೆ?"

ಮಗಳು ಅಲ್ಲಿಯವರೆಗೆ ಅನ್ನದಲ್ಲಿ ಚಮಚ ಆಡಿಸುತ್ತಿದ್ದಳು. "ಮುಗಿಯೋಕೆ ಎಂಟು ವಾರ ಇದೆ," ಎಂದಳು. "ಅಮ್ಮ, ಎಂಟೇ ವಾರ. ಅಷ್ಟು ತಡ್ಕೊಳ್ಳೋಕೆ ಆಗಲ್ವಾ? ಆಮೇಲೆ ಹೇಳು ಯಾರಿಗೆ ಬೇಕಾದ್ರೂ."

ಚೀಫ್ ಎಂದು ಕರೆಯದೆ ಅಮ್ಮ ಎಂದು ಕರೆದಿದ್ದಳು. ಚೀಫ್ ಎದ್ದು ತಟ್ಟೆಗಳನ್ನು ಸಿಂಕಿಗೆ ಹಾಕಲು ಹೋದಳು. "ಇಡು ಅಲ್ಲೇ. ಅದು ನನ್ನ ಕೆಲಸ," ಎಂದ ಗಂಡ.

ಅಂದಿನಿಂದ ಅತ್ತೆ ಸೊಸೆಯ ಜೊತೆ ಮಾತು ಬಿಟ್ಟರು. ಎರಡು ಮಾರು ದೂರದಲ್ಲಿ ನಿಂತಿದ್ದರೂ ಮೊಮ್ಮಗಳ ಮೂಲಕವೇ ವ್ಯವಹಾರ. "ನಿಮ್ಮಮ್ಮಂಗೆ ಹೇಳು, ಬಸ್ಸಿಗೆ ಚಿಲ್ಲರೆ ಬೇಕು ಅಂತ." "ನಿಮ್ಮಮ್ಮಂಗೆ ಹೇಳು, ಅವನಿಗೆ ಬಟ್ಟೆ ಬೇಕಂತೆ, ಕ್ವಾರ್ಟರ್ಸಿಂದ ತರಿಸಿಕೊಡೋಕೆ." ಮಗಳು ಮೊದಲೆರಡು ದಿನ ಅತ್ತ ಇತ್ತ ಮುಖ ತಿರುಗಿಸಿ ಹೇಳಿದಳು. ಆಮೇಲೆ "ಇಬ್ಬರಿಗೂ ಕಿವಿ ಇದೆ" ಎಂದು ಪುಸ್ತಕ ಎತ್ತಿಕೊಂಡು ಹೊರಗೆ ಹೋದಳು. ಅತ್ತೆ ಮಾತ್ರ ದಿನವೂ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಗಂಜಿ ತುಂಬಿಕೊಂಡು, ಭಾಷೆಯ ಒಂದು ಅಕ್ಷರವೂ ಗೊತ್ತಿಲ್ಲದ ಊರಿನಲ್ಲಿ ಎರಡು ಬಸ್ಸು ಬದಲಾಯಿಸಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದರು.

ಶುಕ್ರವಾರ ಹನ್ನೊಂದು ಗಂಟೆಗೆ ಚೀಫ್ ಮೇಲೆ ಹೋಗಿ ಹಾಳೆಯನ್ನು ಸಹಿಯಿಲ್ಲದೆ ಮೇಜಿನ ಮೇಲಿಟ್ಟಳು.

"ಯೋಚನೆ ಮಾಡಿದೀರಾ?" ಎಂದರು ಜನರಲ್ ಮ್ಯಾನೇಜರ್.

"ಮಾಡಿದೀನಿ."

ಅವರು ಬೇಸರ ಪಟ್ಟುಕೊಂಡಂತೆ ಕಾಣಲಿಲ್ಲ. ಫೋನ್ ಎತ್ತಿ ಅವಳ ಸಹಾಯಕನನ್ನು ಕರೆಸಿದರು. ಅವನು ಆರು ವರ್ಷ ಅವಳ ಜೊತೆ ದುಡಿದವನು. ಎರಡು ಎಳೆ ಮಕ್ಕಳ ತಂದೆ. ಬಂದವನು ಹಾಳೆ ನೋಡಿದ, ಅವಳ ಮುಖ ನೋಡಿದ. "ಚೀಫ್, ತಪ್ಪು ತಿಳೀಬೇಡಿ," ಎಂದು ಪೆನ್ನು ತೆಗೆದುಕೊಂಡ. ಸಹಿ ಮಾಡುವಾಗ ಹಾಳೆ ಜರುಗದಂತೆ ಎಡಗೈಯಲ್ಲಿ ಒತ್ತಿ ಹಿಡಿದಿದ್ದ.

ಅವಳು ಲಿಫ್ಟ್ ಹತ್ತದೆ ಮೆಟ್ಟಿಲಿಳಿದು ಬಾಯ್ಲರ್ ಕೋಣೆಗೆ ಬಂದಳು. ದಿನಕ್ಕೆ ಮೂರು ಸಲ ಶಾಖದ ಅಂಕಿ ಬರೆದಿಡುವ ದಪ್ಪ ಪುಸ್ತಕ ಕಬ್ಬಿಣದ ಮೇಜಿನ ಮೇಲಿತ್ತು. ಒಂದು ವರ್ಷದ ಪುಟಗಳು, ಐದಾರು ಜನರ ಕೈಬರಹ, ಮಧ್ಯೆ ಮಧ್ಯೆ ಎಣ್ಣೆಯ ಬೆರಳಚ್ಚು. ಅದನ್ನು ಕೋಟಿನೊಳಗೆ ಎದೆಗವಚಿಕೊಂಡು, ಸಾಮಾನು ಸಾಗಿಸುವ ಹಿಂಬಾಗಿಲಿನಿಂದ ರಸ್ತೆಗಿಳಿದಳು. ಆರೋಗ್ಯ ಕಚೇರಿ ಅರ್ಧ ಗಂಟೆಯ ದಾರಿ. ಬೇಕರಿಯ ಮುಂದೆ, ಬಟ್ಟೆ ಅಂಗಡಿಯ ಮುಂದೆ, ಶಾಲೆಯ ಗೇಟಿನ ಮುಂದೆ ನಡೆದಳು. ಎರಡು ಸಲ ನಿಂತಳು. ಕಚೇರಿಯ ಅಧಿಕಾರಿ ಮಧ್ಯಾಹ್ನದ ಊಟದ ಡಬ್ಬಿ ಬಿಚ್ಚುತ್ತಿದ್ದವನು ಅವಳನ್ನು ನೋಡಿ ಮುಚ್ಚಳ ಹಾಕಿದ.

"ನೀವು ಕೇಳಿದ ಮಾಹಿತಿ ಇದರಲ್ಲಿದೆ. ಇನ್ನು ಸ್ವಲ್ಪ ಹೊತ್ತಿಗೆ ಒಂದು ಕಾಗದವೂ ಬರುತ್ತೆ ನಿಮಗೆ. ಎರಡನ್ನೂ ಜೊತೆಗಿಟ್ಟು ಓದಿ," ಎಂದು ಪುಸ್ತಕ ಕೊಟ್ಟಳು.

ಶನಿವಾರ ಹಳೇ ಕಟ್ಟಡಕ್ಕೆ ಬೀಗಮುದ್ರೆ ಬಿತ್ತು. ಮುನ್ನೂರು ಜನ ಬೇರೆ ಹೋಟೆಲಿಗೆ ಹೋದರು. ಸೋಮವಾರ ಅವಳ ಕೆಲಸ ಹೋಯಿತು. ಹತ್ತು ವರ್ಷದಿಂದ ದಿನವೂ ನಮಸ್ಕಾರ ಹೇಳುತ್ತಿದ್ದ ಕಾವಲಿನವನೇ ಅವಳ ಬೀಗದಕೈ ಗೊಂಚಲನ್ನು ಇಸಿದುಕೊಂಡು, ನೆಲ ನೋಡುತ್ತ ಹಿಂಬಾಗಿಲಿನವರೆಗೆ ಬಂದು ಬಿಟ್ಟ. ಆ ವಾರದ ಕೊನೆಗೆ ಪ್ರಯೋಗಾಲಯದ ಉತ್ತರ ಬಂತು: ಆರು ಬಾಟಲಿಯಲ್ಲಿ ನಾಲ್ಕರಲ್ಲಿ ರೋಗಾಣು ಇತ್ತು.

ಹೋಟೆಲು ಕೈ ತೊಳೆದುಕೊಂಡಿತು. ಶಾಖ ಇಳಿಸಿದ್ದು ಒಬ್ಬ ಅಧಿಕಾರಿಯ ಸ್ವಂತ ತೀರ್ಮಾನ, ಆ ಅಧಿಕಾರಿಯನ್ನು ತೆಗೆದಿದ್ದೇವೆ ಎಂದು ಹೇಳಿಕೆ ಕೊಟ್ಟಿತು. ಮನೆ ಖಾಲಿ ಮಾಡಲು, ದೇಶ ಬಿಡಲು ಅರವತ್ತು ದಿನ. ಮಗಳ ಪರೀಕ್ಷೆ ಮುಗಿಯುವುದು ಐವತ್ತೊಂದನೆಯ ದಿನ.

"ಪರೀಕ್ಷೆಗಂತೂ ತೊಂದ್ರೆ ಇಲ್ಲ," ಎಂದಳು ಅವಳು.

"ಹೌದು. ಆಮೇಲೆ ಯಾವ ಕಾಲೇಜು ಅಂತ ಮಾತ್ರ ಗೊತ್ತಿಲ್ಲ," ಎಂದಳು ಮಗಳು, ತಲೆಯೆತ್ತದೆ.

ಗಂಡ ಕೂಗಾಡಲಿಲ್ಲ. ಪಾತ್ರೆ ತೊಳೆಯುವಾಗ ಸದ್ದು ಮಾತ್ರ ಜಾಸ್ತಿಯಾಯಿತು. ಮನೆಯಲ್ಲೇ ಇದ್ದ ಚೀಫ್‌ಗೆ ಕೈ ಕಟ್ಟಿಹಾಕಿದಂತಾಗಿ, ಒಂದು ಬೆಳಿಗ್ಗೆ ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚತೊಡಗಿದಳು.

"ಆ ಚಾಕು ಹಣ್ಣಿಗೆ," ಎಂದ ಗಂಡ ಬಾಗಿಲಲ್ಲಿ ನಿಂತು.

"ಹೆಚ್ಚುತ್ತೆ ಬಿಡಿ."

"ಉಪ್ಪು ಎಲ್ಲಿದೆ ಹೇಳು ನೋಡೋಣ."

ಅವಳು ಮೂರು ಡಬ್ಬಿ ತೆರೆದಳು. ಒಂದರಲ್ಲೂ ಉಪ್ಪಿರಲಿಲ್ಲ. ನಾನೂರು ಕೋಣೆಯ ಪ್ರತಿಯೊಂದು ವಾಲ್ವ್ ಎಲ್ಲಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲವಳಿಗೆ ತನ್ನ ಮನೆಯ ಉಪ್ಪು ಸಿಗಲಿಲ್ಲ. ಗಂಡ ಬಂದು ಒಲೆಯ ಪಕ್ಕದ ಗೂಡಿನಿಂದ ತೆಗೆದುಕೊಟ್ಟ. ನಗಬಹುದಾದ ಗಳಿಗೆ, ಇಬ್ಬರೂ ನಗಲಿಲ್ಲ.

ಮೂರನೆಯ ವಾರ ಪ್ಲಂಬರ್‌ನ ಮುಖದ ಮುಸುಕು ತೆಗೆದರು. ಅವಳು ಅಷ್ಟು ದಿನ ವಾರ್ಡಿನ ಬಾಗಿಲವರೆಗೆ ಹೋಗಿ, ಡಾಕ್ಟರಮ್ಮನ ಬಳಿ ವಿಚಾರಿಸಿ ಹಿಂದಿರುಗುತ್ತಿದ್ದಳು. ಆ ದಿನ ಒಳಗೆ ಹೋದಳು. ಅತ್ತೆ ಸ್ಟೂಲಿನ ಮೇಲೆ ಕೂತು ಅವನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಸೊಸೆಯನ್ನು ನೋಡಿ ಸ್ಟೂಲು ಸರಿಸಿದರು, ಏಳಲಿಲ್ಲ.

"ನಿಮಗೆ ಒಂದು ವಿಷಯ ಹೇಳ್ಬೇಕು," ಎಂದಳು ಚೀಫ್. "ನೀರಿನ ಬಿಸಿ ಇಳಿಸಿದ್ದು ನಾನು. ನಿಮಗೆ ಹೀಗಾಗಿದ್ದು ಅದರಿಂದ."

ಅವನು ಸೀಲಿಂಗ್ ನೋಡುತ್ತಿದ್ದ. ಮಾತಿಗೆ ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತ ಹೇಳಿದ. "ಗೊತ್ತು. ವಾಲ್ವ್ ತಿರುಗಿಸಿದ್ದು ನಾನೇ ಅಲ್ವಾ. ಅವತ್ತೇ ನಾನು ಹೇಳಿದ್ದೆ. ಚೀಫ್, ಹಳೇ ಪೈಪು, ಬಳಸದೆ ಬಿಟ್ಟ ಕವಲು ಬಹಳ ಇದೆ, ನೀರು ನಿಲ್ಲುತ್ತೆ, ಬೇಡ ಅಂತ."

ಅವಳಿಗೆ ನೆನಪಾಯಿತು. ಆ ಮಧ್ಯಾಹ್ನ, ಬಾಯ್ಲರ್ ಕೋಣೆ, ಕೈಯಲ್ಲಿ ಸ್ಪ್ಯಾನರ್ ಹಿಡಿದು ನಿಂತಿದ್ದ ಅವನು.

"ನೀವು ನಕ್ಕಿದ್ರಿ," ಎಂದ ಅವನು. "ಮುದುಕರಿಗೆ ಎಲ್ಲದಕ್ಕೂ ಭಯ ಅಂದ್ರಿ."

ಅತ್ತೆಗೆ ಮಾತು ತಿಳಿಯಲಿಲ್ಲ. ಚಮಚವನ್ನು ಬಟ್ಟಲಿನಲ್ಲಿಟ್ಟು ಇಬ್ಬರ ಮುಖವನ್ನೂ ನೋಡಿದರು.

ಕ್ಷಮೆ ಕೇಳಲು ಚೀಫ್ ಬಾಯಿ ತೆರೆದಳು. ಅವನು ಕೈಯೆತ್ತಿ ತಡೆದ. "ಅದೆಲ್ಲ ಬೇಡ. ಒಂದು ಕಾಗದ ಬೇಕು. ನಾನು ಬೀಡಿ ಸೇದೋನು, ನನ್ನ ಎದೆ ಮೊದಲೇ ಕೆಟ್ಟಿತ್ತು, ಅದಕ್ಕೇ ಹೀಗಾಯ್ತು ಅಂತ ಹೋಟೆಲ್‌ನೋರು ಕಾರ್ಮಿಕ ಕಚೇರಿಗೆ ಬರೆದಿದಾರೆ. ಚಿಕಿತ್ಸೆ ಖರ್ಚು ಕೊಡಲ್ವಂತೆ, ಪರಿಹಾರಾನೂ ಇಲ್ವಂತೆ. ಏನಾಯ್ತೋ ಅದನ್ನ ನೀವು ಬರೆದುಕೊಡಿ."

ಅದೇ ವಾರ ಹೋಟೆಲಿನ ವಕೀಲರ ಪತ್ರವೂ ಬಂದಿತ್ತು: ಅವಳು ಯಾರಿಗಾದರೂ ಲಿಖಿತ ಹೇಳಿಕೆ ಕೊಟ್ಟರೆ ಹತ್ತು ವರ್ಷದ ಸೇವೆಯ ಬಾಬ್ತು ಬರಬೇಕಾದದ್ದನ್ನು ತಡೆಹಿಡಿಯಲಾಗುವುದು, ನಷ್ಟಕ್ಕಾಗಿ ಮೊಕದ್ದಮೆಯನ್ನೂ ಹೂಡಬಹುದು. ಗಂಡ ಅದನ್ನು ಫ್ರಿಜ್ಜಿನ ಮೇಲೆ ಇಟ್ಟಿದ್ದ, ಎಲ್ಲರಿಗೂ ಕಾಣುವಂತೆ. ಆಸ್ಪತ್ರೆಯಲ್ಲಿ ನಡೆದದ್ದನ್ನು ಅವಳು ಹೇಳಿದಾಗ ಅವನು ಬಹಳ ಹೊತ್ತು ಮೇಜು ಒರೆಸಿದ.

"ಊರಿಗೆ ಹೋಗಿ ಬದುಕೋಕೆ ಇರೋದು ಅದೊಂದೇ ದುಡ್ಡು," ಎಂದ.

"ಗೊತ್ತು."

"ಮತ್ತೆ ಬರೀತೀಯ."

"ಬರೀತೀನಿ."

"ನಾನು ಬೇಡ ಅಂದ್ರೆ?"

"ಆಗಲೂ ಬರೀತೀನಿ ರೀ. ಆದರೆ ನೀವು ಬೇಡ ಅಂದ್ರಿ ಅನ್ನೋದು ಜೀವನಪೂರ್ತಿ ನಮ್ಮಿಬ್ಬರ ಮಧ್ಯೆ ಇರುತ್ತೆ. ಅದಕ್ಕೇ ಕೇಳ್ತಿದೀನಿ, ಅನ್ನಬೇಡಿ."

ಅವನು ಒರೆಸುವ ಬಟ್ಟೆಯನ್ನು ಹಿಂಡಿ ಒಣಹಾಕಿದ. "ಬರಿ. ಬರೆದ ಮೇಲೆ ನನಗೆ ತೋರಿಸು. ನಿನ್ನ ವಾಕ್ಯ ಯಾವತ್ತೂ ನೆಟ್ಟಗಿರಲ್ಲ."

ಮರುದಿನ ಅವಳು ಬೆಳಿಗ್ಗೆಯಿಂದ ಕೂತು ಆ ಊರಿನ ಭಾಷೆಯಲ್ಲಿ ಎರಡು ಪುಟ ಬರೆದಳು. ಮಧ್ಯಾಹ್ನ ಊಟವಾದ ಮೇಲೆ ಗಂಡ ಕನ್ನಡಕ ಹಾಕಿಕೊಂಡು ಮೇಜಿನ ಬಳಿ ಓದಲು ಕೂತ. ಅತ್ತೆ ಫ್ಲಾಸ್ಕಿಗೆ ಗಂಜಿ ತುಂಬುತ್ತಿದ್ದರು.

"ನಂಗೂ ಗೊತ್ತಾಗೋ ಹಾಗೆ ಓದು," ಎಂದರು ಮಗನಿಗೆ.

ಅವನು ಕನ್ನಡಕ್ಕೆ ತಿರುಗಿಸಿಕೊಂಡು ನಿಧಾನವಾಗಿ ಓದಿದ. ಹೋಟೆಲಿನ ವಿವರ, ಅವಳ ಹುದ್ದೆ, ತಾರೀಖು. "ಇಂಧನ ಉಳಿತಾಯದ ಉದ್ದೇಶದಿಂದ ಬಿಸಿನೀರಿನ ಶಾಖವನ್ನು ಅರವತ್ತು ಡಿಗ್ರಿಯಿಂದ ಐವತ್ತಕ್ಕೆ ಇಳಿಸಲಾಯಿತು."

"ನಿಲ್ಸು," ಎಂದರು ಅತ್ತೆ. ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿಮಾಡಿ ಕೆಳಗಿಟ್ಟರು. ಮೂರು ವಾರದ ನಂತರ ಮೊದಲ ಸಲ ಸೊಸೆಯ ಕಡೆಗೇ ನೇರ ತಿರುಗಿದರು. "ಇಳಿಸಲಾಯಿತು ಅಂದ್ರೆ? ತಾನಾಗೇ ಇಳೀತಾ?"

"ಅಧಿಕೃತ ಪತ್ರದಲ್ಲಿ ಹಾಗೇ ಬರೆಯೋದು, ಅತ್ತೆ."

"ನಮ್ಮ ವಾರ್ಡಲ್ಲೂ ಬರೀತಿದ್ರು. ಔಷಧಿ ಕೊಡಲಾಯಿತು, ರೋಗಿ ತೀರಿಕೊಂಡರು. ಯಾರು ಕೊಟ್ಟಿದ್ದು ಅಂತ ಆಮೇಲೆ ಹುಡುಕಿದ್ರೆ ಒಬ್ಬರೂ ಸಿಕ್ತಿರಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೂ ಒಂದೆರಡು ಸಲ ಹಾಗೆ ಬರೆದಿದೀನಿ."

ಚೀಫ್ ಗಂಡನ ಕೈಯಿಂದ ಹಾಳೆ ತೆಗೆದುಕೊಂಡು ಆ ಪದ ಹೊಡೆದುಹಾಕಿ ಮೇಲೆ ಬರೆದಳು. ಕೆಳಗೆ ಇನ್ನೆರಡು ಸಾಲು ಸೇರಿಸಿದಳು. ಅವನು ಮತ್ತೆ ಓದಿದ. "ಶಾಖವನ್ನು ನಾನು ಇಳಿಸಿದೆ. ಹಳೆಯ ಪೈಪುಗಳಲ್ಲಿ ಇದು ಅಪಾಯ ಎಂದು ಹಿರಿಯ ಪ್ಲಂಬರ್ ಅಂದೇ ಎಚ್ಚರಿಸಿದ್ದರು. ನಾನು ನಕ್ಕು ಸುಮ್ಮನಾಗಿಸಿದೆ." ಅಲ್ಲಿ ಅವನು ತಲೆಯೆತ್ತಿದ. "ನಕ್ಕಿದ್ದೂ ಬೇಕಾ?"

"ಬೇಕು."

"ಎಲ್ಲಾ ಸರಿಯಾಗಿ ಹೊಸ ಹಾಳೇಲಿ ಬರಿ," ಎಂದರು ಅತ್ತೆ. "ನಾಲ್ಕು ಗಂಟೆಗೆ ವಾರ್ಡಿನ ಬಾಗಿಲು ತೆಗೀತಾರೆ."

ಆಸ್ಪತ್ರೆಯಲ್ಲಿ ಅವನು ದಿಂಬಿಗೊರಗಿ ಕೂತಿದ್ದ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ಮಗ್ಗಿ ಓದುವ ಮಗುವಿನ ಹಾಗೆ ತುಟಿಯಾಡಿಸುತ್ತ ಎರಡು ಪುಟವನ್ನೂ ಓದಿದ. ಎರಡನೇ ಪುಟದ ಮಧ್ಯದಲ್ಲಿ ಬೆರಳು ಒಂದೆಡೆ ಬಹಳ ಹೊತ್ತು ನಿಂತಿತು. ಓದಿ ಮುಗಿಸಿ, ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟುಕೊಂಡ.

"ಸರಿ ಇದೆ," ಎಂದ. ಅವಳ ಕಡೆ ನೋಡಲಿಲ್ಲ. "ನೀವಿನ್ನು ಹೊರಡಿ, ಚೀಫ್. ಅಮ್ಮ ಇರಲಿ."

ಅವಳು ಕೆಳಗಿಳಿದು ಬಂದು ಗೇಟಿನ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತಳು. ಎದುರಿಗೆ ಬಸ್ಸುಗಳು ಬಂದು ಜನರನ್ನು ಇಳಿಸಿ ಹೋಗುತ್ತಿದ್ದವು. ಐದು ಗಂಟೆಯ ಬಸ್ಸಿನಿಂದ ಮಗಳು ಇಳಿದಳು. ಭುಜದ ಮೇಲೆ ಶಾಲೆಯ ಚೀಲ. ಅಜ್ಜಿಯನ್ನು ಕರೆದುಕೊಂಡು ಹೋಗಲು ಬಂದವಳು, ಬೆಂಚಿನ ಮೇಲೆ ಅಮ್ಮನನ್ನು ಕಂಡು ನಿಂತಳು.

"ಅಜ್ಜಿ ಒಳಗಿದಾರಾ?"

"ಹೂಂ."

"ನೀನ್ಯಾಕೆ ಹೊರಗೆ?"

"ಹೊರಡಿ ಅಂದ್ರು."

ಮಗಳು ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿಗಳನ್ನು ನೋಡಿದಳು. "ಪತ್ರ ತಗೊಂಡ್ರಾ?"

"ತಗೊಂಡ್ರು. ಸರಿ ಇದೆ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಮಗಳು ಒಳಗೆ ಹೋಗಲಿಲ್ಲ. ಚೀಲವನ್ನು ಬೆಂಚಿನ ಮೇಲಿಟ್ಟು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಪುಸ್ತಕ ತೆಗೆದು ತೊಡೆಯ ಮೇಲೆ ಬಿಡಿಸಿಕೊಂಡಳು. ಪರೀಕ್ಷೆ ಮುಗಿಯಲು ಇನ್ನೂ ಮೂವತ್ತಾರು ದಿನ ಇತ್ತು.